ಮುಖದ ಕೆಳಗಿನ ಸಾಲು

ಕ್ಯಾಪ್ಷನ್ 1/8
ಚಿತ್ರ: ಅಂಗೈ ಮೇಲೆ ಐನೂರರ ನೋಟು, ಗಾಂಧೀಜಿ ಮುಖದ ಮೇಲೆ ಹೆಬ್ಬೆರಳು

ಜೇಬಲ್ಲಿ 500 ರೂಪಾಯಿಯ ಹೊಸ ನೋಟು ಇದ್ರೆ ಹೊರಗೆ ತೆಗೀರಿ. ಕಣ್ಣು ಮುಚ್ಚಿ, ಗಾಂಧೀಜಿ ಮುಖದ ಮೇಲೆ ಬೆರಳು ಮೆಲ್ಲಗೆ ಆಡಿಸಿ. ತರಿತರಿ ಅನ್ನತ್ತೆ ಅಲ್ವಾ? ಅದು ಮಸಿ. ಕಾಗದದ ಮೇಲೆ ಎದ್ದು ನಿಂತಿರೋ ಮಸಿ. ನೋಟಿನ ಎರಡೂ ಅಂಚಲ್ಲಿ ಐದೈದು ಓರೆ ಗೆರೆಗಳಿವೆ, ಅವೂ ಹಾಗೇ. ಕಣ್ಣು ಕಾಣದವರು ಬೆರಳಲ್ಲೇ ಇದು ಐನೂರು ಅಂತ ತಿಳಿದುಕೊಳ್ಳಲಿ ಅಂತ.

ನಮ್ಮ ಹುಣಸೂರಿಂದ 45 ಕಿಲೋಮೀಟರ್ ದೂರದ ಮೈಸೂರಲ್ಲಿ ನೋಟು ಅಚ್ಚು ಹಾಕೋ ಕಾರ್ಖಾನೆ 1996ರಿಂದ ನಡೀತಿದೆ. ನೋಟಿನ ಕಾಗದ ಮಾಡೋ ಕಾರ್ಖಾನೆಯೂ ಮೈಸೂರಲ್ಲೇ ಇದೆ. ಬ್ಯಾರನ್ ಕೆಲಸದವರಿಗೆ ಕೂಲಿ ಎಣಿಸಿ ಕೊಡುವಾಗ ನಾವ್ಯಾರೂ ಇದನ್ನ ನೆನೆಯಲ್ಲ. ಆದರೆ ಲೋಹದ ಮೇಲೆ ಮುಖ ಕೊರೆದು, ಕೊರೆದ ಗೆರೆಯಿಂದ ಮಸಿ ಎತ್ತೋ ಹಳೇ ವಿದ್ಯೆ ಇವತ್ತಿಗೂ ನಮ್ಮ ಕೈಯಲ್ಲಿ ದಿನಾ ಓಡಾಡ್ತಿದೆ. 19ನೇ ಶತಮಾನದಲ್ಲಿ ದೊಡ್ಡವರ ಮುಖ ಊರೂರಿಗೆ ಮುಟ್ಟಿದ್ದು ಬಹುಪಾಲು ಇಂಥ ವಿದ್ಯೆಯಿಂದಲೇ.

ಈ ಸಲದ ಸರಣಿ ಆ ಕಸುಬಿನ ಬಗ್ಗೆ. ಜೊತೆಗೆ ಒಂದು ಜಗಳವೂ ಇದೆ, ನಿಮ್ಮ ಜೊತೆಗೂ, ನನ್ನ ಜೊತೆಗೂ. ನನ್ನ ಮಾತು ಇಷ್ಟೇ: ಹಳೇ ಕಾಲದ ಒಬ್ಬರ ಮುಖ ಹಂಚುವಾಗ, ಆ ಮುಖ ಬರೆದವರು ಯಾರು, ಕೊರೆದವರು ಯಾರು, ಯಾವಾಗ, ಅನ್ನೋದನ್ನ ಬಿಟ್ಟು ಹಂಚಿದರೆ ಅದು ಬರೀ ಸೋಮಾರಿತನ ಅಲ್ಲ, ತಪ್ಪು. ನಮ್ಮಂಥ ಊರಲ್ಲಿ ಆ ತಪ್ಪಿಗೆ ಬೆಲೆ ಕಟ್ಟಬೇಕಾಗತ್ತೆ. ನಾನು ಕಟ್ಟಿದ್ದೀನಿ. ಅದನ್ನ 5ನೇ ಭಾಗದಲ್ಲಿ ಹೇಳ್ತೀನಿ. ಮೊದಲು ಕಸುಬು ನೋಡೋಣ.

ಕ್ಯಾಪ್ಷನ್ 2/8
ಚಿತ್ರ: ಹೆಸರು ಹಾಕಿಸಿದ ಹಳೇ ಹಿತ್ತಾಳೆ ಚೊಂಬು, ಹತ್ತಿರದಿಂದ

ನಮ್ಮ ಮನೆಗಳಲ್ಲಿ ಮದುವೆಗೆ ಮುಯ್ಯಿ ಬಂದ ಪಾತ್ರೆ ಮೇಲೆ ಹೆಸರು ಹಾಕಿರ್ತಾರೆ. ಈಗ ಝುಂಯ್ ಅನ್ನೋ ಮಿಷನ್ನು. ಮುಂಚೆ ಪಾತ್ರೆ ಅಂಗಡಿಯವರು ಚಿಕ್ಕ ಉಳಿ, ಚಿಕ್ಕ ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆ ಹೊಡೆದು ಅಕ್ಷರ ಮೂಡಿಸ್ತಿದ್ದರು. ಹತ್ತಿರ ಹಿಡಿದರೆ ಬರೀ ಚುಕ್ಕೆ, ದೂರ ಹಿಡಿದರೆ ಅಜ್ಜಿ ಹೆಸರು.

ಮುಖ ಕೊರೆಯೋದೂ ಅದೇ ಜಾತಿ ಕೆಲಸ. ನುಣುಪಾಗಿ ಉಜ್ಜಿದ ತಾಮ್ರದ ತಗಡು. ಚೂಪು ಮೂತಿಯ ಉಕ್ಕಿನ ಉಳಿ. ಅದರ ಹಿಡಿ ಅಂಗೈಗೆ ಒತ್ತಿಕೊಂಡಿರತ್ತೆ. ಉಳಿ ಮುಂದಕ್ಕೆ ನೂಕಿದ ಹಾಗೆ ತಾಮ್ರ ಸಣ್ಣ ಸುರುಳಿಯಾಗಿ ಎದ್ದು ಬರತ್ತೆ. ಗೆರೆ ಬಳಸಬೇಕಾದಾಗ ಎಷ್ಟೋ ಸಲ ಉಳಿಯನ್ನಲ್ಲ, ತಗಡನ್ನೇ ತಿರುಗಿಸ್ತಾರೆ. ಆಳವಾಗಿ ಕೊರೆದ ಗೆರೆ ಹೆಚ್ಚು ಮಸಿ ಹಿಡಿಯತ್ತೆ, ಕಪ್ಪಾಗಿ ಬರತ್ತೆ. ತೇಲಿಸಿ ಕೊರೆದದ್ದು ಬೂದಿ ಬಣ್ಣ. ಕೆನ್ನೆಯ ಉಬ್ಬು, ಕಣ್ಣಿನ ಕೆಳಗಿನ ನೆರಳು, ಗಲ್ಲದ ತಿರುವು ಎಲ್ಲವನ್ನೂ ಗೆರೆಯ ದಪ್ಪ, ಗೆರೆಗಳ ನಡುವಿನ ಜಾಗ, ಒಂದರ ಮೇಲೊಂದು ಹಾಯೋ ಅಡ್ಡಗೆರೆ ಇಷ್ಟರಲ್ಲೇ ಹೇಳಬೇಕು. ಗೆರೆ ಬಿಟ್ಟು ಚುಕ್ಕೆಯಲ್ಲೇ ಮುಖ ಕಟ್ಟುವವರೂ ಇದ್ದರು. ನಮ್ಮ ಪಾತ್ರೆ ಅಂಗಡಿಯವರ ಹಾಗೆ.

ಆಮೇಲೆ ತಗಡಿಗೆಲ್ಲ ಮಸಿ ಮೆತ್ತಿ, ಮೇಲ್ಮೈ ಒರೆಸಿಬಿಡೋದು. ಗೆರೆಯೊಳಗೆ ಇಳಿದ ಮಸಿ ಮಾತ್ರ ಉಳಿಯತ್ತೆ. ಒದ್ದೆ ಮಾಡಿದ ಕಾಗದ ಹಾಸಿ, ಎರಡು ಉರುಳೆ ಮಧ್ಯೆ ಬಲವಾಗಿ ಒತ್ತಿದರೆ ಕಾಗದ ಗೆರೆಯೊಳಗೆ ಇಳಿದು ಮಸಿ ಎತ್ತಿಕೊಂಡು ಬರತ್ತೆ. ನೋಟಿನ ಮೇಲೆ ನಿಮ್ಮ ಬೆರಳಿಗೆ ತಾಗಿದ್ದು ಇದೇ. ಇನ್ನೊಂದು ಕಷ್ಟ ಏನಂದ್ರೆ ಎಲ್ಲವೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುವುಮುರುವಾಗಿ ಬರತ್ತೆ. ಅದಕ್ಕೆ ಕೊರೆಯುವವನು ಬಲಗೆನ್ನೆಯ ಮಚ್ಚೆಯನ್ನ ಎಡಕ್ಕೆ ಇಟ್ಟುಕೊಂಡೇ ಶುರು ಮಾಡಬೇಕು.

ಒಂದು ಮುಖಕ್ಕೆ ತಿಂಗಳುಗಟ್ಟಲೆ ಹಿಡಿಯೋದು. ಉಳಿ ಒಂದು ಸಲ ಜಾರಿದರೆ ತಗಡಿನ ಹಿಂಬದಿಯಿಂದ ಬಡಿದು, ಉಜ್ಜಿ, ಮತ್ತೆ ಕೊರೀಬೇಕು. ತಾಮ್ರ ಮೆತ್ತಗಿನ ಲೋಹ. ಅಚ್ಚು ಹಾಕ್ತಾ ಹಾಕ್ತಾ ನವಿರು ಗೆರೆ ಮೊದಲು ಸವೆಯತ್ತೆ. 1820ರ ದಶಕದಿಂದ ಉಕ್ಕಿನ ತಗಡು ಬಂದ ಮೇಲೆ ಒಂದೇ ಮುಖ ಸಾವಿರ ಸಾವಿರ ಪ್ರತಿಯಾಗಿ ಊರು ಸೇರೋಕೆ ಶುರುವಾಯ್ತು.

ಕ್ಯಾಪ್ಷನ್ 3/8
ಚಿತ್ರ: ಹಳೇ ಮುದ್ರಣದ ಬುಡ, ಭೂತಗನ್ನಡಿಯಲ್ಲಿ

ಹಳೇ ಮುಖಚಿತ್ರ ಸಿಕ್ಕಿದರೆ ಮೊದಲು ಮುಖ ನೋಡಬೇಡಿ, ಬುಡ ನೋಡಿ. ಚಿತ್ರದ ಕೆಳಗಿನ ಅಂಚಲ್ಲಿ ಇರುವೆ ಗಾತ್ರದ ಅಕ್ಷರ ಇರತ್ತೆ. ಎಡಗಡೆ ಒಂದು ಹೆಸರು, ಅದರ ಮುಂದೆ ‘ಪಿಂಕ್ಸಿಟ್’ ಅಥವಾ ‘ಡೆಲ್’. ಲ್ಯಾಟಿನ್ ಮಾತು. ಪಿಂಕ್ಸಿಟ್ ಅಂದ್ರೆ ಬಣ್ಣದಲ್ಲಿ ಬರೆದವನು, ಡೆಲ್ ಅಂದ್ರೆ ಗೆರೆಯಲ್ಲಿ ಬರೆದವನು. ಬಲಗಡೆ ಇನ್ನೊಂದು ಹೆಸರು, ‘ಸ್ಕಲ್ಪ್ಸಿಟ್’. ಅಂದ್ರೆ ಕೊರೆದವನು. ಎಷ್ಟೋ ಸಲ ನಡುವೆ ಪ್ರಕಾಶಕನ ಹೆಸರು, ಅಂಗಡಿಯ ಬೀದಿ, ಪ್ರಕಟವಾದ ತಾರೀಖು.

ಅಂದ್ರೆ ಆ ಕಾಲದ ಅಚ್ಚಿನ ಮನೆಯವರು ಒಂದು ಮುಖಕ್ಕೆ ಮೂರು ಜನರನ್ನ ಜವಾಬ್ದಾರಿ ಮಾಡ್ತಿದ್ದರು. ಕಂಡವನು, ಕೊರೆದವನು, ಮಾರಿದವನು. ಕಂಡವನಿಗೂ ಕೊರೆದವನಿಗೂ ಮಧ್ಯೆ ಎಷ್ಟು ಸಮುದ್ರ, ಎಷ್ಟು ವರ್ಷ ಇದೆ ಅಂತ ಆ ಸಾಲಿಂದ ಲೆಕ್ಕ ಹಾಕಬಹುದು.

ಒಂದು ಉದಾಹರಣೆ. 1840ರಲ್ಲಿ ಬಂದ ಜಗತ್ತಿನ ಮೊದಲ ಅಂಟಿಸೋ ಅಂಚೆಚೀಟಿ, ಕಪ್ಪು ಪೆನ್ನಿ. ಅದರ ಮೇಲಿನ ವಿಕ್ಟೋರಿಯಾ ರಾಣಿ ಮುಖವನ್ನ ಕೊರೆದವರು ಚಾರ್ಲ್ಸ್ ಹೀತ್ ಮತ್ತು ಅವರ ಮಗ ಫ್ರೆಡರಿಕ್. ಅವರು ರಾಣಿಯನ್ನ ಎದುರು ಕೂರಿಸಿಕೊಂಡು ಕೊರೆಯಲಿಲ್ಲ. ಹೆನ್ರಿ ಕಾರ್ಬೌಲ್ಡ್ ಬರೆದುಕೊಟ್ಟ ಚಿತ್ರ ನೋಡಿ ಕೊರೆದರು. ಕಾರ್ಬೌಲ್ಡ್ ಬರೆದದ್ದು ವಿಲಿಯಂ ವಯಾನ್ ಮಾಡಿದ ಪದಕ ನೋಡಿ. ವಯಾನ್ ಆ ಮುಖದ ಅಚ್ಚು ತೆಗೆದಾಗ ವಿಕ್ಟೋರಿಯಾಗೆ ಇನ್ನೂ 15 ವರ್ಷ, ರಾಣಿಯೇ ಆಗಿರಲಿಲ್ಲ. ರಾಣಿ ಮುದುಕಿಯಾಗಿ 1901ರಲ್ಲಿ ತೀರಿಕೊಳ್ಳೋವರೆಗೂ ಬ್ರಿಟನ್ನಿನ ಅಂಚೆಚೀಟಿ ಮೇಲೆ ಆಕೆ ಹುಡುಗಿಯಾಗೇ ಇದ್ದಳು.

ಸುಳ್ಳಾ? ಸುಳ್ಳಲ್ಲ. ಆದರೆ ‘ನಿಜವಾದ ಮುಖ’ ಅನ್ನೋ ಮಾತು ಎಷ್ಟು ಕೈ ದಾಟಿ ಬಂದಿರತ್ತೆ ಅಂತ ನೋಡಿ.

ಕ್ಯಾಪ್ಷನ್ 4/8
ಚಿತ್ರ: ಶ್ರೀರಂಗಪಟ್ಟಣ, ದರಿಯಾ ದೌಲತ್ ತೋಟ, ಹೊರಗಿನಿಂದ

ಈಗ ನಮ್ಮ ಸೀಮೆಗೆ ಬರೋಣ. ಮೈಸೂರು ಸೀಮೆಯ ಮುಖಗಳು ಲಂಡನ್ನಿನ ಅಚ್ಚಿನಂಗಡಿಗಳಲ್ಲಿ ರಾಶಿ ರಾಶಿ ಮಾರಾಟವಾದ ಕಾಲ ಒಂದಿತ್ತು. 1792ರಿಂದ ಮುಂದಿನ ಹತ್ತು ಹನ್ನೆರಡು ವರ್ಷ. ವಸ್ತು ಎರಡೇ: ಟಿಪ್ಪು ಸುಲ್ತಾನ್, ಅವನ ಮಕ್ಕಳು.

1792ರ ಫೆಬ್ರವರಿ 26. ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನ ಒತ್ತೆಯಾಗಿ ಕಾರ್ನ್‌ವಾಲಿಸ್ ಕೈಗೆ ಒಪ್ಪಿಸಿದ ದಿನ. ಚಿಕ್ಕವನಿಗೆ ಇನ್ನೂ ಎಂಟರ ಆಸುಪಾಸು. ರಾಬರ್ಟ್ ಹೋಮ್ ಅನ್ನೋ ಚಿತ್ರಕಾರ ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಇಲ್ಲೇ ಇದ್ದ. ಅವನ ಚಿತ್ರಕ್ಕೆ ಒಂದು ತೂಕ ಇದೆ. ಅದೇ ಘಟನೆಯನ್ನ ಮ್ಯಾಥರ್ ಬ್ರೌನ್ ಕೂಡ ಬರೆದ, ಡೇನಿಯಲ್ ಓರ್ಮ್ ಕೊರೆದ, 1793ರಲ್ಲೇ ಅಚ್ಚಾಗಿ ಬಂತು. ಬ್ರೌನ್ ಬರೆದದ್ದು ಲಂಡನ್ನಿನಲ್ಲಿ ಕೂತು. ಅವನು ಕಾವೇರಿ ನೀರು ಕಂಡವನೇ ಅಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮಾರನೇ ವರ್ಷವೇ ಇಪ್ಪತ್ತು ದಾಟಿದ ಹುಡುಗ ರಾಬರ್ಟ್ ಕೆರ್ ಪೋರ್ಟರ್ ಲಂಡನ್ನಿನಲ್ಲಿ ಕೋಟೆಗೆ ಲಗ್ಗೆ ಹಾಕಿದ ದೃಶ್ಯವನ್ನ ಗೋಡೆಯಷ್ಟು ಉದ್ದದ ಬಟ್ಟೆ ಮೇಲೆ ಬರೆದ. ಜನ ದುಡ್ಡು ಕೊಟ್ಟು ನೋಡಿದರು. ವೆಂಡ್ರಾಮಿನಿ ಅನ್ನೋ ಇಟಲಿಯವನು ಅದನ್ನ ತಗಡಿಗೆ ಇಳಿಸಿದ. ಇಬ್ಬರೂ ಕೋಟೆ ಕಂಡವರಲ್ಲ. ಹೆನ್ರಿ ಸಿಂಗಲ್ಟನ್ ಟಿಪ್ಪುವಿನ ಕೊನೇ ಗಳಿಗೆ ಬರೆದ, ಅವನೂ ಲಂಡನ್ನಿನವನೇ. ಡೇವಿಡ್ ವಿಲ್ಕಿ ಟಿಪ್ಪುವಿನ ಹೆಣ ಹುಡುಕಿದ ದೃಶ್ಯ ಬರೆದದ್ದು 1839ರಲ್ಲಿ, 40 ವರ್ಷ ಆದಮೇಲೆ.

ಇವುಗಳ ಪಕ್ಕಕ್ಕೆ ಥಾಮಸ್ ಹಿಕ್ಕಿಯನ್ನ ಇಡಿ. ಕೋಟೆ ಬಿದ್ದ ಮೇಲೆ ಅವನು ಇಲ್ಲಿಗೆ ಬಂದು ಟಿಪ್ಪುವಿನ ಮಕ್ಕಳನ್ನ, ದಿವಾನ್ ಪೂರ್ಣಯ್ಯನವರನ್ನ ಎದುರು ಕೂರಿಸಿಕೊಂಡು ಬರೆದ. ಪೂರ್ಣಯ್ಯನವರ ಆ ದಣಿದ, ಎಚ್ಚರದ ಕಣ್ಣು ಕಂಡು ಬರೆದದ್ದು, ಕೇಳಿ ಬರೆದದ್ದಲ್ಲ.

ಇವೆಲ್ಲ ಇವತ್ತು ನಮ್ಮ ಫೋನಿಗೆ ಬರೋದು ಒಂದೇ ಹೆಸರಲ್ಲಿ: ‘ಹಳೇ ಚಿತ್ರ’. ಬುಡದ ಸಾಲು ಕತ್ತರಿಸಿ, ಮುಖ ಮಾತ್ರ ಉಳಿಸಿ.

ಕ್ಯಾಪ್ಷನ್ 5/8
ಚಿತ್ರ: ಖಾಲಿ ಫ್ಲೆಕ್ಸ್ ಚೌಕಟ್ಟು, ಬಸ್ ಸ್ಟ್ಯಾಂಡ್ ಹತ್ತಿರ

ನನ್ನ ತಪ್ಪು ಈಗ.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಹುಡುಗರು ಒಂದು ಕಾರ್ಯಕ್ರಮಕ್ಕೆ ಫ್ಲೆಕ್ಸ್ ಮಾಡಿಸ್ತಿದ್ದರು. ‘ನಿನ್ನ ಹತ್ರ ಹಳೇ ಫೋಟೋ ಎಲ್ಲಾ ಇರತ್ತಲ್ಲ, ಟಿಪ್ಪು ಸುಲ್ತಾನಂದು ಒಂದು ಕೊಡಪ್ಪ’ ಅಂದರು. ನನ್ನ ಫೋನಲ್ಲಿ ಒಂದು ಬಂದು ಕೂತಿತ್ತು. ಕಪ್ಪು ಬಿಳುಪು, ಗಡ್ಡ, ಬಿಳೀ ಬಟ್ಟೆ. ‘ಲಂಡನ್ನಿನಲ್ಲಿ ಸಿಕ್ಕ ಟಿಪ್ಪುವಿನ ಅಸಲಿ ಫೋಟೋ’ ಅಂತ ಬರೆದಿತ್ತು. ಕಳಿಸಿಬಿಟ್ಟೆ. ಫ್ಲೆಕ್ಸ್ ಆಯ್ತು. ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಅದೇ ಚಿತ್ರ ಇನ್ನೊಂದು ಗುಂಪಲ್ಲಿ ಓಡಾಡ್ತಿತ್ತು, ಹೀಯಾಳಿಸೋಕೆ. ‘ನೋಡ್ರೋ ನಿಮ್ಮ ಹುಲಿ ಮುಖ’ ಅಂತ. ಒಂದು ಗುಂಪಿಗೆ ಅದು ಹೆಮ್ಮೆ, ಇನ್ನೊಂದಕ್ಕೆ ಗೇಲಿ. ಸಂಜೆ ಟೀ ಅಂಗಡಿ ಹತ್ರ ಮಾತು ಮಾತು ಬೆಳೆದು, ಚಿಕ್ಕಂದಿನಿಂದ ಒಂದೇ ಬೆಂಚಲ್ಲಿ ಕೂತು ಓದಿದ ಇಬ್ಬರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು. ಇಬ್ಬರೂ ನನ್ನ ಸ್ನೇಹಿತರೇ.

ಬಿಡಿಸಿದ್ದು ರಿಟೈರಾದ ಒಬ್ಬ ಮೇಷ್ಟ್ರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಟಿಪ್ಪು ಸತ್ತಿದ್ದು ಯಾವಾಗಪ್ಪ? ಕ್ಯಾಮೆರಾ ಬಂದಿದ್ದು ಯಾವಾಗ?’

1799. ಡಾಗೇರ್ ತನ್ನ ಫೋಟೋ ವಿಧಾನವನ್ನ ಜಗತ್ತಿಗೆ ತೋರಿಸಿದ್ದು 1839. ನಡುವೆ 40 ವರ್ಷ. ಇದನ್ನ ಲೆಕ್ಕ ಹಾಕೋಕೆ ನನಗೆ ಕ್ಯಾಲ್ಕುಲೇಟರ್ ಬೇಕಿರಲಿಲ್ಲ. ನಾಚಿಕೆ ಬೇಕಿತ್ತು, ಅದು ಆಮೇಲೆ ಬಂತು.

ಆ ಚಿತ್ರದಲ್ಲಿ ಇರೋದು ಟಿಪ್ಪು ಟಿಪ್ ಅನ್ನೋ ಅಡ್ಡಹೆಸರಿನ ಜಾಂಜಿಬಾರಿನ ವ್ಯಾಪಾರಿ, ಹಮದ್ ಬಿನ್ ಮೊಹಮ್ಮದ್. ದಂತ ಮತ್ತು ಗುಲಾಮರ ವ್ಯಾಪಾರ ಮಾಡ್ತಿದ್ದವನು, 1905ರಲ್ಲಿ ಸತ್ತ. ಹೆಸರಿನ ಎರಡು ಅಕ್ಷರ ಕೂಡಿದ್ದಕ್ಕೆ ಆಫ್ರಿಕಾದ ಮುಖವೊಂದು ಹುಣಸೂರಿನಲ್ಲಿ ಇಬ್ಬರು ಗೆಳೆಯರ ಮಧ್ಯೆ ಬಂದು ನಿಂತಿತು. ಹೊಗಳಿದವನೂ ಮೋಸ ಹೋದ, ತೆಗಳಿದವನೂ ಮೋಸ ಹೋದ. ಮಧ್ಯೆ ಕೈ ಬದಲಾಯಿಸಿದವನು ನಾನು.

ಫ್ಲೆಕ್ಸ್ ರಾತ್ರಿಯೇ ಇಳಿಸಿದರು. ಅವರಿಬ್ಬರು ಈಗಲೂ ಎದುರಾದರೆ ತಲೆ ಆಡಿಸ್ತಾರೆ, ಅಷ್ಟೇ. ಮೊದಲಿನ ಹಾಗೆ ಕೂತು ಟೀ ಕುಡಿಯಲ್ಲ.

ಕ್ಯಾಪ್ಷನ್ 6/8
ಚಿತ್ರ: ಒಂದೇ ಮುಖದ ಎರಡು ಅಚ್ಚು, ಅಕ್ಕಪಕ್ಕ

ಇದನ್ನೆಲ್ಲ ಹೇಳಿದರೆ ಎರಡು ಆಕ್ಷೇಪ ಬರತ್ತೆ. ಎರಡೂ ನ್ಯಾಯವಾದ ಆಕ್ಷೇಪಗಳೇ.

ಮೊದಲನೇದು: ‘ಹಂಗಾದ್ರೆ ಹಳೇ ಮುಖಚಿತ್ರ ಎಲ್ಲಾ ಸುಳ್ಳಾ? ಯಾವುದನ್ನೂ ನಂಬಬಾರದಾ?’

ಹಾಗಲ್ಲ. ನಂಬಿಕೆಗೂ ಮೆಟ್ಟಿಲಿದೆ. ಎದುರು ಕೂರಿಸಿ ಬರೆದು, ಅದನ್ನ ನೋಡಿ ಕೊರೆದದ್ದು ಮೇಲಿನ ಮೆಟ್ಟಿಲು. ಕಂಡವರ ಮಾತು ಕೇಳಿ ಬರೆದದ್ದು ಅದರ ಕೆಳಗೆ. ಪೂರ್ತಿ ಊಹೆ ಇನ್ನೂ ಕೆಳಗೆ. ಫೋಟೋ ಬಂದ ಮೇಲೂ ಕೊರೆಯೋ ಕಸುಬು ನಿಲ್ಲಲಿಲ್ಲ. 1842ರಲ್ಲಿ ಶುರುವಾದ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಂಥ ಪತ್ರಿಕೆಗಳಿಗೆ ಫೋಟೋವನ್ನ ಅಕ್ಷರದ ಜೊತೆ ಅಚ್ಚು ಹಾಕೋ ದಾರಿ ಆಗ ಇರಲಿಲ್ಲ. ಫೋಟೋ ನೋಡಿಕೊಂಡು ಗಟ್ಟಿ ಮರದ ಅಚ್ಚಿನ ಮೇಲೆ ಕೊರೆದು, ಕೆಳಗೆ ‘ಫೋಟೋದಿಂದ’ ಅಂತ ಬರೀತಿದ್ದರು. ದೊಡ್ಡ ಚಿತ್ರವಾದರೆ ಮರದ ತುಂಡುಗಳನ್ನ ಹಂಚಿಕೊಂಡು ನಾಲ್ಕಾರು ಜನ ಕೊರೆದು, ಆಮೇಲೆ ಜೋಡಿಸೋರು. 1880ರ ದಶಕದಿಂದ ಫೋಟೋವನ್ನೇ ಚುಕ್ಕೆಯಾಗಿ ಒಡೆದು ಅಚ್ಚು ಹಾಕೋದು ಬಂದ ಮೇಲೆ ಆ ಸಾವಿರಾರು ಕೈಗಳಿಗೆ ಕೆಲಸ ತಪ್ಪಿತು. ಆ ‘ಫೋಟೋದಿಂದ’ ಅನ್ನೋ ಒಂದು ಮಾತು ಇದ್ದರೆ ಚಿತ್ರ ಒಂದು ಮೆಟ್ಟಿಲು ಮೇಲೇರತ್ತೆ. ಬುಡದ ಸಾಲಿನ ಬೆಲೆ ಅದು.

ಕಾಣದೆ ಬರೆದ ಚಿತ್ರಕ್ಕೂ ಬೆಲೆ ಇದೆ, ಬೇರೆ ಥರ. ಮ್ಯಾಥರ್ ಬ್ರೌನ್ ಚಿತ್ರದಿಂದ ಟಿಪ್ಪು ಮಕ್ಕಳ ಮೂಗು ಹೇಗಿತ್ತು ಅಂತ ಗೊತ್ತಾಗಲ್ಲ. ತಾವು ದಯಾವಂತರು, ಮಕ್ಕಳನ್ನ ಕೈ ಹಿಡಿದು ಕರೆದುಕೊಂಡವರು ಅಂತ ಕಾಣೋಕೆ ಲಂಡನ್ನಿನವರಿಗೆ ಎಷ್ಟು ಆಸೆ ಇತ್ತು ಅಂತ ಗೊತ್ತಾಗತ್ತೆ. ಅದೂ ಚರಿತ್ರೆಯೇ. ಆದರೆ ಅದು ಅವರ ಮುಖದ ಚರಿತ್ರೆ, ನಮ್ಮ ಮಕ್ಕಳ ಮುಖದ್ದಲ್ಲ.

ಎರಡನೇ ಆಕ್ಷೇಪ: ‘ಮನೇಲಿ ರವಿವರ್ಮನ ಲಕ್ಷ್ಮಿ ಇಟ್ಟು ಪೂಜೆ ಮಾಡ್ತೀವಿ. ಲಕ್ಷ್ಮಿಯನ್ನ ಕಂಡವರು ಯಾರು ಅಂತ ಯಾರಾದ್ರೂ ಕೇಳ್ತಾರಾ?’

ಕೇಳಲ್ಲ, ಕೇಳಬೇಕಾಗೂ ಇಲ್ಲ. ದೇವರ ಪಟ ಸಾಕ್ಷಿ ಹೇಳೋಕೆ ಬಂದದ್ದಲ್ಲ, ಕೈ ಮುಗಿಯೋಕೆ ಬಂದದ್ದು. ಜಗನ್ಮೋಹನ ಅರಮನೆಯ ಗೋಡೆ ಮೇಲಿನ ‘ಸಂತಾನಾಂಬುಜ’ವೂ ಹಾಗೇ. ಒಡೆಯರ ವಂಶವನ್ನ ಕಮಲದ ಹಾಗೆ ಅರಳಿಸಿ ಬರೆದ 19ನೇ ಶತಮಾನದ ಚಿತ್ರಕಾರ ಶತಮಾನಗಳ ಹಿಂದಿನ ಅರಸರನ್ನ ಕಂಡಿರಲಿಲ್ಲ. ವಂಶ ತೋರಿಸ್ತೀನಿ ಅಂದ, ತೋರಿಸಿದ. ‘ಅಸಲಿ ಮುಖ’ ಅನ್ನಲಿಲ್ಲ. ತಕರಾರು ಇರೋದು ಊಹೆ ಬಗ್ಗೆ ಅಲ್ಲ. ಊಹೆಗೆ ‘ಅಸಲಿ’ ಅಂತ ಚೀಟಿ ಅಂಟಿಸೋದರ ಬಗ್ಗೆ. ಅಂದಹಾಗೆ 1894ರಲ್ಲಿ ಶುರುವಾದ ರವಿವರ್ಮನ ಪ್ರೆಸ್ಸಿನಿಂದ ಬಂದ ಪಟಗಳ ಬುಡದಲ್ಲಿ ಪ್ರೆಸ್ಸಿನ ಹೆಸರು ಇರ್ತಿತ್ತು. ದೇವರ ಪಟಕ್ಕೇ ವಿಳಾಸ ಇತ್ತು. ನಮ್ಮ ಫಾರ್ವರ್ಡಿಗೆ ಇಲ್ಲ.

ಕ್ಯಾಪ್ಷನ್ 7/8
ಚಿತ್ರ: ಸೋಮನಾಥಪುರ, ಹೊರಗೋಡೆಯ ಶಿಲ್ಪದ ಪಾದಪೀಠ

ಬುಡದಲ್ಲಿ ಹೆಸರು ಹಾಕೋದು ಇಂಗ್ಲಿಷರು ಕಲಿಸಿಕೊಟ್ಟ ಶಿಸ್ತು ಅಂತ ಅಂದುಕೊಳ್ಳಬೇಡಿ. ಲೋಹಕ್ಕೆ, ಕಲ್ಲಿಗೆ ಉಳಿ ಹಿಡಿದವನ ಹೆಸರು ಬರೆಯೋದು ಈ ನೆಲದ ಹಳೇ ವಾಡಿಕೆ.

ನಮ್ಮ ಜಿಲ್ಲೆಯದ್ದೇ ಸೋಮನಾಥಪುರ. 13ನೇ ಶತಮಾನದ ಗುಡಿ. ಅಲ್ಲಿನ ಶಿಲ್ಪಗಳ ಬುಡದಲ್ಲಿ ಮಲ್ಲಿತಮ್ಮ ಅನ್ನೋ ಹೆಸರು ಮತ್ತೆ ಮತ್ತೆ ಸಿಗತ್ತೆ. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣ ಹೆಸರು ಬರೆದಿದ್ದಾರೆ. ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ದಾನ ಕೊಟ್ಟ ಅರಸನ ಹೆಸರಿನ ಜೊತೆಗೆ ಕೊನೆಯಲ್ಲಿ, ಇದನ್ನ ಕೊರೆದವನು ಮಲ್ಲಣನ ಮಗ ವೀರಣಾಚಾರ್ಯ ಅಂತಲೂ ಬರತ್ತೆ. ಯೋಚನೆ ಮಾಡಿ. ಕೃಷ್ಣದೇವರಾಯನಂಥ ಅರಸನ ಶಾಸನದಲ್ಲಿ ಕೊರೆದವನಿಗೂ, ಅವನ ಅಪ್ಪನಿಗೂ ಜಾಗ ಇದೆ. ಶಾಸನದ ಮಾತು ನಾಳೆ ತಕರಾರಿಗೆ ಬಂದರೆ, ಯಾರು ಬರೆದರು, ಯಾರು ಕೊರೆದರು ಅಂತ ಕೇಳೋಕೆ ಒಂದು ಹೆಸರು ಇರಲಿ ಅಂತ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬನ್ನಿ. ನಂಜನಗೂಡಿನ ಗುಡಿಯಲ್ಲಿ ಅವರದ್ದೂ, ರಾಣಿಯರದ್ದೂ ಕೈ ಮುಗಿದು ನಿಂತ ವಿಗ್ರಹಗಳಿವೆ. ಪೀಠದ ಮೇಲೆ ಹೆಸರು ಕೊರೆದಿದೆ. ಮುಖ ಮಾಡಿ ನಿಲ್ಲಿಸಿದರೆ ಸಾಲದು, ಇದು ಯಾರು ಅಂತ ಬುಡದಲ್ಲಿ ಹೇಳಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಹುಣಸೂರು, ಹೆಗ್ಗಡದೇವನಕೋಟೆ, ಯಡತೊರೆ ಅಂದ್ರೆ ಈಗಿನ ಕೆ.ಆರ್. ನಗರ, ಈ ಕಡೆಯ ಶಾಸನಗಳನ್ನ ಬಿ.ಎಲ್. ರೈಸ್ ಊರೂರು ಸುತ್ತಿಸಿ ಪಡಿಯಚ್ಚು ತೆಗೆಸಿ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಪ್ರತಿ ಶಾಸನಕ್ಕೂ ತಾಲ್ಲೂಕು, ನಂಬರು, ಊರು, ಕಲ್ಲು ಎಲ್ಲಿ ನಿಂತಿದೆ ಅನ್ನೋ ವಿವರ. ಅದು ಇದ್ದದ್ದಕ್ಕೇ ಇವತ್ತು ನಾವು ಹೋಗಿ ಅದೇ ಕಲ್ಲಿನ ಮುಂದೆ ನಿಂತು, ಓದಿದ್ದು ಸರಿಯಾ ತಪ್ಪಾ ಅಂತ ನೋಡಬಹುದು. ಹೋಗಿ ನೋಡೋಕೆ ದಾರಿ ಬಿಟ್ಟಿರೋದೇ ಸಾಕ್ಷಿ. ದಾರಿ ಮುಚ್ಚಿದ್ದು ಗಾಳಿಮಾತು.

ಕ್ಯಾಪ್ಷನ್ 8/8
ಚಿತ್ರ: ಮೊದಲ ಸ್ಲೈಡಿನ ನೋಟು, ಪಕ್ಕದಲ್ಲಿ ಅಜ್ಜಿಯ ಚೊಂಬು

ಈ ಪೇಜಿಗೆ ಇವತ್ತಿಂದ ಒಂದು ನಿಯಮ. ಹಳೇ ಮುಖ ಹಾಕಿದರೆ ಕೆಳಗೆ ಮೂರು ವಿಷಯ ಇರತ್ತೆ. ಯಾರು ಬರೆದರು ಅಥವಾ ಫೋಟೋ ತೆಗೆದರು. ಯಾರು ಕೊರೆದರು ಅಥವಾ ಅಚ್ಚು ಹಾಕಿದರು. ಯಾವ ವರ್ಷ, ಆ ವ್ಯಕ್ತಿ ಬದುಕಿದ್ದಾಗಲಾ, ಸತ್ತ ಮೇಲಾ. ಮೂರರಲ್ಲಿ ಒಂದೂ ಸಿಗಲಿಲ್ಲ ಅಂದ್ರೆ ಆ ಚಿತ್ರ ಇಲ್ಲಿ ಬರಲ್ಲ, ಎಷ್ಟೇ ಚೆನ್ನಾಗಿರಲಿ. ಲೈಕು ಕಮ್ಮಿ ಆಗತ್ತೆ ಅಂತ ಗೊತ್ತು. ಆಗಲಿ.

ನಿಮ್ಮನ್ನೂ ಕೇಳಿಕೊಳ್ತೀನಿ. ಜಯಂತಿಗೆ, ಉತ್ಸವಕ್ಕೆ, ಸ್ಟೇಟಸ್ಸಿಗೆ ಮುಖ ಹುಡುಕುವಾಗ ಮೊದಲು ಎರಡು ಇಸವಿ ಪಕ್ಕಪಕ್ಕ ಬರ್ಕೊಳ್ಳಿ: ಅವರು ತೀರಿಕೊಂಡದ್ದು, ಚಿತ್ರ ಹುಟ್ಟಿದ್ದು. 1839ಕ್ಕೆ ಮುಂಚೆ ಸತ್ತವರ ‘ಫೋಟೋ’ ಯಾರೇ ಕಳಿಸಲಿ, ಅಲ್ಲೇ ನಿಲ್ಲಿಸಿ. ನಿಮ್ಮ ಮೆಚ್ಚಿನವರದ್ದಾದರೂ ನಿಲ್ಲಿಸಿ, ಆಗದವರದ್ದಾದರೂ ನಿಲ್ಲಿಸಿ. ಆಗದವರದ್ದಾದರೆ ನಿಲ್ಲಿಸೋದು ಕಷ್ಟ, ನನಗೆ ಗೊತ್ತು. ಅಲ್ಲೇ ನಮ್ಮ ಪರೀಕ್ಷೆ ಇರೋದು. ಟಿಪ್ಪುವಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅದನ್ನ ಬದಲಾಯಿಸಿ ಅಂತ ನಾನು ಕೇಳ್ತಿಲ್ಲ. ಜಗಳ ಆಡಲೇಬೇಕು ಅಂದ್ರೆ ನಿಜವಾದ ವಿಷಯ ಇಟ್ಕೊಂಡು ಆಡಿ. ಜಾಂಜಿಬಾರಿನವನ ಮುಖ ಇಟ್ಕೊಂಡು ಬೇಡ.

ತಿಂಗಳುಗಟ್ಟಲೆ ತಾಮ್ರದ ಮೇಲೆ ಬಗ್ಗಿ ಕೂತು, ಒಂದು ರೆಪ್ಪೆ ಕೊರೆಯೋಕೆ ಉಸಿರು ಬಿಗಿ ಹಿಡಿದವನು ಕೊನೆಗೆ ತನ್ನ ಹೆಸರನ್ನ ಇರುವೆ ಗಾತ್ರದಲ್ಲಿ ಬರೆದ. ‘ತಪ್ಪಿದ್ದರೆ ನನ್ನನ್ನ ಕೇಳಿ’ ಅಂತ ಅದರ ಅರ್ಥ. ನಾವು ಒಂದು ಸೆಕೆಂಡಿನಲ್ಲಿ ಕ್ರಾಪ್ ಮಾಡಿ ಅದನ್ನ ತೆಗೆದುಬಿಡ್ತೀವಿ. ಕತ್ತರಿಸಿಹೋಗೋದು ಹೆಸರು ಮಾತ್ರ ಅಲ್ಲ, ಕೇಳೋ ಅವಕಾಶವೂ.

ಎರಡು ರೂಪಾಯಿ ಚೊಂಬು ಯಾರ ಮನೇದು ಅಂತ ಗೊತ್ತಾಗಲಿ ಅಂತ ನಮ್ಮಜ್ಜಿ ಹೆಸರು ಹಾಕಿಸಿದ್ದಳು. ಸಾಲ ಕೊಟ್ಟ ಚೊಂಬು ವಾಪಸ್ ಬರಬೇಕಲ್ಲ, ಅದಕ್ಕೆ. ಮುಖಕ್ಕೂ ಅಷ್ಟು ಮಾಡೋಣ.

ಆ ಇಬ್ಬರು ಗೆಳೆಯರಿಗೂ ಈ ಎಂಟೂ ಭಾಗ ಕಳಿಸ್ತಿದ್ದೀನಿ. ಬೇರೆ ಬೇರೆ ಅಲ್ಲ, ಒಂದೇ ಗುಂಪು ಮಾಡಿ. ಟೀ ದುಡ್ಡು ನಂದು.

#ಮುಖದಕೆಳಗಿನಸಾಲು #ಹುಣಸೂರು #ಹಳೇಅಚ್ಚು #ಶ್ರೀರಂಗಪಟ್ಟಣ #ಯಾರುಕೊರೆದರು